ಮಾತುಕತೆ ಆಯ್ತಂತೆ, ಕಾಗದ ಎಲ್ಲಿ?

ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿ ಅಂಚೆ ಕಚೇರಿಗಳಿಂದ ನನ್ನ ಹತ್ತಿರ ಬರುವ ಗ್ರಾಮೀಣ ಡಾಕ್ ಸೇವಕರು, ಅಂದರೆ ದಿನಕ್ಕೆ ಕೆಲವೇ ಗಂಟೆ ದುಡಿಯುವ ಖಾಯಂ ಅಲ್ಲದ ಅಂಚೆ ನೌಕರರು, ಸರ್ಕಾರವನ್ನು ಬೈಯುವುದಕ್ಕಿಂತ ಜಾಸ್ತಿ ತಮ್ಮ ಸಂಘದ ಮುಖಂಡರನ್ನೇ ಬೈಯುತ್ತಾರೆ. "ದೆಹಲಿಗೆ ಹೋದ್ರು, ಮಾತಾಡಿದ್ರು, ಫೋಟೋ ಹಾಕಿದ್ರು, ನಮಗೇನು ಸಿಕ್ತು ಸಾರ್?" ಮೈಸೂರಿನಲ್ಲಿ ಕಾರ್ಮಿಕ ಕಾನೂನಿನ ವಕೀಲಿಕೆ ಮಾಡುವ ನನಗೆ ಈ ಸಿಟ್ಟು ನ್ಯಾಯವಾದದ್ದು ಅಂತಲೇ ಅನಿಸುತ್ತದೆ. ಆದರೆ ಅದು ತಾಗಬೇಕಾದ ಜಾಗಕ್ಕೆ ತಾಗುತ್ತಿಲ್ಲ.

ಕಾರ್ಖಾನೆಯಲ್ಲಾದರೆ ಸಂಘ ಮತ್ತು ಆಡಳಿತ ಎದುರುಬದುರು ಕೂತು ವೇತನ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಅಂಚೆಯಲ್ಲಿ ಅಂಥ ಒಪ್ಪಂದವೇ ಇಲ್ಲ. ಖಾಯಂ ನೌಕರರಿಗೆ ವೇತನ ಆಯೋಗ ಇದೆ, 1966ರಿಂದ ಜೆಸಿಎಂ ಎಂಬ ಮಾತುಕತೆಯ ವೇದಿಕೆಯೂ ಇದೆ. ಗ್ರಾಮೀಣ ಸೇವಕರು ವೇತನ ಆಯೋಗದಿಂದಲೇ ಹೊರಗೆ. 1977ರಲ್ಲಿ ಸುಪ್ರೀಂ ಕೋರ್ಟ್ ರಾಜಮ್ಮ ಪ್ರಕರಣದಲ್ಲಿ ಇವರದೂ ಸಿವಿಲ್ ಹುದ್ದೆಯೇ, ಅಂದರೆ ಸರ್ಕಾರದ ಅಡಿಯ ಹುದ್ದೆಯೇ ಎಂದು ಹೇಳಿತು. ಹಾಗಾಗಿ ಕೆಲಸದಿಂದ ತೆಗೆದರೆ ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿಗೆ (ಸಿಎಟಿ) ಹೋಗಬಹುದು. ಸಂಬಳದ ಮಾತು ಬಂದಾಗ ಮಾತ್ರ ಬೇರೆಯೇ ಸಮಿತಿ. ಅಧ್ಯಕ್ಷರ ಹೆಸರಿನಿಂದಲೇ ಅವನ್ನು ಕರೆಯುತ್ತಾರೆ: ತಲ್ವಾರ್, ನಟರಾಜಮೂರ್ತಿ, ಕಮಲೇಶ್ ಚಂದ್ರ. ಸಮಿತಿ ಶಿಫಾರಸು ಮಾಡುತ್ತದೆ, ಸರ್ಕಾರ ತನಗೆ ಬೇಕಾದಷ್ಟನ್ನು ಒಪ್ಪಿ ಆದೇಶ ಹೊರಡಿಸುತ್ತದೆ. ಮುಖಂಡ ಎಲ್ಲಿಯೂ ಸಹಿ ಹಾಕುವುದಿಲ್ಲ. ಅಂದ ಮೇಲೆ ಅವರು ಏನು ಕೇಳಿದರು, ಏನು ಬಿಟ್ಟರು ಅಂತ ಗೊತ್ತಾಗುವುದು ಅವರು ಹೇಳಿದರೆ ಮಾತ್ರ. ಅದನ್ನೇ ಅವರು ಹೇಳುವುದಿಲ್ಲ.

ಒಂದು ಲೆಕ್ಕ ನೋಡಿ. ಕಮಲೇಶ್ ಚಂದ್ರ ಸಮಿತಿ ವರದಿ ಕೊಟ್ಟಿದ್ದು 2016ರ ನವೆಂಬರಿನಲ್ಲಿ. ಅದು ಜಾರಿಯಾಗಲು 2018ರ ಮೇ ತಿಂಗಳಲ್ಲಿ ದೇಶದ ಸೇವಕರು ಕೆಲಸ ನಿಲ್ಲಿಸಿ ಎರಡು ವಾರ ಕೂರಬೇಕಾಯಿತು. ಜೂನ್‌ನಲ್ಲಿ ಸಂಪುಟ ಒಪ್ಪಿತು, ಜುಲೈ 1ರಿಂದ ದಿನಕ್ಕೆ ನಾಲ್ಕು ಗಂಟೆ ಕೆಲಸದ ಬಿಪಿಎಂಗೆ (ಶಾಖಾ ಪೋಸ್ಟ್‌ಮಾಸ್ಟರ್) ತಿಂಗಳಿಗೆ 12,000, ಎಬಿಪಿಎಂಗೆ (ಸಹಾಯಕ ಶಾಖಾ ಪೋಸ್ಟ್‌ಮಾಸ್ಟರ್) 10,000 ರೂಪಾಯಿ ಟಿಆರ್‌ಸಿಎ, ಅಂದರೆ ಸಂಬಳದ ಬದಲು ಕೊಡುವ ಭತ್ಯೆ, ನಿಗದಿಯಾಯಿತು. ಅದೇ ವರದಿಯಲ್ಲಿ 12, 24, 36 ವರ್ಷ ಸೇವೆ ಮುಗಿಸಿದವರಿಗೆ ಎರಡೆರಡು ಮುಂಗಡ ವಾರ್ಷಿಕ ಹೆಚ್ಚಳ ಕೊಡಿ ಎಂದೂ ಇತ್ತು. ಅದು ಬಂದಿದ್ದು 2024ರಲ್ಲಿ, ಬೇರೆ ರೂಪದಲ್ಲಿ: ವರ್ಷಕ್ಕೆ 4,320, 5,520 ಮತ್ತು 7,200 ರೂಪಾಯಿ. ಮೊದಲನೆಯದನ್ನು ತಿಂಗಳಿಗೆ ಭಾಗಿಸಿದರೆ 360. 12,000ಕ್ಕೆ ಶೇ. 3ರ ಒಂದು ವಾರ್ಷಿಕ ಹೆಚ್ಚಳ ಎಷ್ಟು? ಅದೂ 360. ಎರಡು ಹೆಚ್ಚಳ ಹೇಳಿದ್ದಲ್ವಾ, ಇನ್ನೊಂದು ಎಲ್ಲಿ ಹೋಯಿತು? ಇಪ್ಪತ್ತು ವರ್ಷ ಹಳ್ಳಿಯಲ್ಲಿ ಪಿಂಚಣಿ ಹಣ ಹಂಚಿ, ಈಗ ಖಾತೆ ತೆರೆಸುವ ಟಾರ್ಗೆಟ್ಟನ್ನೂ ಹೊತ್ತಿರುವ ಮನುಷ್ಯನಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ. ನನ್ನ ಹತ್ತಿರ ಬಂದವರು ಹೇಳುವಂತೆ, ಅವರಿಗೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ "ಐತಿಹಾಸಿಕ ಗೆಲುವು" ಎಂಬ ಒಂದು ಸಂದೇಶ ಅಷ್ಟೇ.

ಹಾಗಂತ ಸಿಟ್ಟಿನಲ್ಲಿ ಸಂಘ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. 1993ರ ನಿಯಮದ ಪ್ರಕಾರ ಖಾಯಂ ನೌಕರರ ಸಂಘಕ್ಕೆ ಮಾನ್ಯತೆ ಸಿಗಲು ಆ ವರ್ಗದ ಶೇ. 35 ಮಂದಿ ಸದಸ್ಯರಿರಬೇಕು, ಎರಡನೇ ಸಂಘಕ್ಕೆ ಶೇ. 15. ಸಂಬಳದಲ್ಲಿ ಹಿಡಿಯುವ ಚಂದಾ ನೋಡಿಯೇ ಈ ಲೆಕ್ಕ ಹಾಕುತ್ತಾರೆ. ನಿಮ್ಮ ಸಂಘಕ್ಕೂ ಸದಸ್ಯರ ಸಂಖ್ಯೆಯೇ ಬಲ, ಸುಮ್ನೆ ಚಂದಾ ನಿಲ್ಲಿಸಿದರೆ ಬಲ ಕಳೆದುಕೊಳ್ಳುವುದು ನೀವೇ. ಸಂಘ ಬದಲಿಸಬೇಕು ಅಂದರೆ ಏಪ್ರಿಲ್ ತಿಂಗಳಲ್ಲಿ ಬದಲಿಸಬಹುದು, ಅದು ಬೇರೆ ಮಾತು. ಅದೇ ನಿಯಮದಲ್ಲಿ ಸಂಘ ಪ್ರತಿ ವರ್ಷ ಆಡಿಟ್ ಆದ ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿ ಸರ್ಕಾರಕ್ಕೆ ಕೊಡಬೇಕು ಎಂದಿದೆ. ಸರ್ಕಾರಕ್ಕೆ ಕೊಡುವ ಲೆಕ್ಕವನ್ನು ಚಂದಾ ಕೊಟ್ಟವರಿಗೆ ತೋರಿಸಲು ಏನು ಕಷ್ಟ? 2023ರ ಏಪ್ರಿಲ್‌ನಲ್ಲಿ ಇಲಾಖೆ ಅಂಚೆ ನೌಕರರ ಸಂಘಗಳ ಒಕ್ಕೂಟವಾದ ಎನ್‌ಎಫ್‌ಪಿಇ ಮತ್ತು ಅದರ ಗ್ರೂಪ್ ಸಿ ನೌಕರರ ಸಂಘದ ಮಾನ್ಯತೆ ರದ್ದು ಮಾಡಿತು. ರೈತ ಹೋರಾಟಕ್ಕೆ ಕೊಟ್ಟ ದೇಣಿಗೆ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಇಂಥ ಕಾರಣಗಳಿಗೆ ಮಾನ್ಯತೆ ಕಿತ್ತುಕೊಂಡಿದ್ದು ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಆದರೆ ಸದಸ್ಯರ ಹಣ ಎಲ್ಲಿಗೆ ಹೋಗಬೇಕು ಅಂತ ಸದಸ್ಯರ ಸಭೆಯಲ್ಲೇ ತೀರ್ಮಾನ ಆಗಬೇಕು, ಅದರಲ್ಲಿ ರಾಜಿಯಿಲ್ಲ.

ಈಗ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೆ ಅಂದರೆ, 2025ರಲ್ಲಿ ಎಂಟನೇ ವೇತನ ಆಯೋಗ ರಚನೆಯಾಯಿತು, ಅದರ ಕಾರ್ಯವ್ಯಾಪ್ತಿಯಲ್ಲೂ ಗ್ರಾಮೀಣ ಸೇವಕರ ಹೆಸರಿಲ್ಲ. ಆಯೋಗಕ್ಕೆ ಸೇರಿಸಿ ಅಂತ ಕೇಳಬೇಕು, ಇಲ್ಲವೇ ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ಸಮಿತಿ ಕೇಳಬೇಕು. ಹಿಂದೆ ತಲ್ವಾರ್ ನ್ಯಾಯಾಧೀಶರಾಗಿದ್ದವರು, ಕಮಲೇಶ್ ಚಂದ್ರ ಇಲಾಖೆಯಲ್ಲೇ ಇದ್ದು ನಿವೃತ್ತರಾದವರು. ಇದು ಸಣ್ಣ ವ್ಯತ್ಯಾಸ ಅಲ್ಲ. ನಿಮ್ಮ ಮುಖಂಡರು ಇದರಲ್ಲಿ ಯಾವುದನ್ನು ಬರೆದು ಕೇಳಿದ್ದಾರೆ? ಮಂಡ್ಯದಲ್ಲಿ ಮುಂದಿನ ಡಿವಿಷನ್ ಸಭೆ ಕರೆದಾಗ ಆ ಪತ್ರದ ನಕಲು ಕೇಳಿ, ಇಲಾಖೆಯ ಉತ್ತರವನ್ನೂ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಇಲಾಖೆಗೇ ಅರ್ಜಿ ಹಾಕಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಉತ್ತರವೇ ಬಂದಿಲ್ಲ ಅಂತ ಮುಖಂಡರು ಹೇಳಿದರೆ, ಬಂದಿಲ್ಲ ಅಂತಲೇ ಸಭೆಯ ನಡಾವಳಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.