ಹಿಡಿ ಇಲ್ಲಿಯದು, ಅಲಗು ಇಂಗ್ಲೆಂಡಿನದು

ಆಯುಧಪೂಜೆ ಮುಗಿದ ಮೇಲೆ ನನ್ನ ಮೇಜಿನ ಮೇಲೆ ಕತ್ತಿಗಳು ಜಾಸ್ತಿ. ಹಳೆಯ ಲೋಹದ ವಸ್ತುಗಳನ್ನು ಕೆಡದಂತೆ ಕಾಪಾಡುವುದು ನನ್ನ ಕೆಲಸ. ಮನೆಯವರು ವರ್ಷಕ್ಕೊಮ್ಮೆ ಕತ್ತಿಯನ್ನು ಒರೆಯಿಂದ ಎಳೆದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಕುಂಕುಮ ಇಟ್ಟು ಮೊನೆಗೆ ನಿಂಬೆಹಣ್ಣು ಚುಚ್ಚುತ್ತಾರೆ. ನಾಲ್ಕು ದಿನ ಬಿಟ್ಟು ನೋಡಿದರೆ ತುಕ್ಕು. ಆಗ ನನ್ನ ನೆನಪಾಗುತ್ತದೆ. ಬಂದವರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಮಾತು, "ಇದು ಟಿಪ್ಪು ಕಾಲದ್ದು ಸಾರ್."

ಹೀಗೆ ಬಂದ ಒಂದು ಕತ್ತಿಯ ಹಿಡಿ ನೋಡಿದಾಗ ಇರಬಹುದೇನೋ ಅನ್ನಿಸಿತು. ಪೂರ್ತಿ ಕಬ್ಬಿಣ, ತಲೆಯಲ್ಲಿ ತಟ್ಟೆಯಂಥ ಬಿಲ್ಲೆ. ಅಪ್ಪಟ ತಲವಾರದ ಹಿಡಿ. ಆದರೆ ಅಲಗು ಇಲ್ಲಿಯದಲ್ಲ. ಮೊನೆಯ ಕಡೆಗೆ ಸಣ್ಣಗಾಗುವ ಬದಲು ಮಚ್ಚಿನ ಹಾಗೆ ಅಗಲವಾಗಿತ್ತು. ಎರಡೂ ಮಗ್ಗುಲಲ್ಲಿ ಉದ್ದಕ್ಕೂ ಒಂದೊಂದು ಅಗಲವಾದ ಗಾಡಿ, ಅಂದರೆ ಕಾಲುವೆಯಂಥ ತಗ್ಗು. ಬ್ರಿಟಿಷ್ ಲಘು ಅಶ್ವದಳದ 1796ರ ಮಾದರಿಯ ಸೇಬರ್, ಅಂದರೆ ಸವಾರರ ಬಾಗಿದ ಕತ್ತಿಯ ಅಲಗು ಅದು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕಾಲ ಹೆಚ್ಚುಕಮ್ಮಿ ಹೊಂದುತ್ತದೆ, ಪಕ್ಷ ಮಾತ್ರ ಎದುರಿನದು!

ಈ ಸೇಬರಿನ ಹಿಂದೆ ಇದ್ದವನು ಜಾನ್ ಗ್ಯಾಸ್ಪರ್ಡ್ ಲೆ ಮಾರ್ಷಂಟ್ ಎಂಬ ಸೇನಾಧಿಕಾರಿ. 1793-94ರಲ್ಲಿ ಫ್ಲಾಂಡರ್ಸ್‌ನಲ್ಲಿ ಫ್ರೆಂಚರ ವಿರುದ್ಧ ಹೋರಾಡುವಾಗ ತನ್ನ ಕಡೆಯ ಸವಾರರನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಕತ್ತಿ ಬೀಸಲು ಹೋಗಿ ತಮ್ಮ ಕುದುರೆಗೇ ಗಾಯ ಮಾಡಿಕೊಳ್ಳುತ್ತಿದ್ದರು. ಊರಿಗೆ ಮರಳಿ ಬರ್ಮಿಂಗ್‌ಹ್ಯಾಮಿನ ಕತ್ತಿ ತಯಾರಕ ಹೆನ್ರಿ ಆಸ್ಬರ್ನ್ ಜೊತೆ ಸೇರಿ ಹೊಸ ಕತ್ತಿ ರೂಪಿಸಿದ. ಬೀಸುವ ಕ್ರಮವನ್ನೂ ಬರೆದಿಟ್ಟ. ತುರ್ಕರ, ಹಂಗೇರಿಯವರ ಬಾಗಿದ ಕತ್ತಿಗಳೆಂದರೆ ಅವನಿಗೆ ಬಹಳ ಮೆಚ್ಚುಗೆ. 1812ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಕುದುರೆ ದಳದ ಮುಂದೆ ನುಗ್ಗಿ ಸತ್ತ.

ಕತ್ತಿ ಯಾಕೆ ಬಾಗಿರಬೇಕು? ಈಳಿಗೆಮಣೆಯನ್ನು ನೆನಪಿಸಿಕೊಳ್ಳಿ. ಕುಂಬಳಕಾಯಿಯನ್ನು ಅಲಗಿಗೆ ಒತ್ತಿದರೆ ಸಾಲದು, ಒತ್ತುತ್ತಾ ಜಾರಿಸಬೇಕು. ಬಾಗಿದ ಅಲಗಿನಲ್ಲಿ ಆ ಜಾರುವಿಕೆ ತಾನಾಗಿಯೇ ಆಗುತ್ತದೆ. ಓಡುವ ಕುದುರೆಯ ಮೇಲೆ ಕೂತವನಿಗೆ ಕೈ ಎಳೆದುಕೊಳ್ಳಲು ಪುರುಸೊತ್ತಿಲ್ಲ, ಅಲ್ವಾ? ಆ ಕೆಲಸವನ್ನು ಬಾಗು ಮಾಡಿಕೊಡುತ್ತದೆ. ಇನ್ನು ಅಗಲವಾದ ತುದಿ. ಅದು ಅಗಲವಾದರೂ ತೆಳು. ಹಿಡಿಯ ಹತ್ತಿರ ದಪ್ಪಗಿರುವ ಬೆನ್ನು ತುದಿಗೆ ಹೋಗುತ್ತಾ ಸವೆಯುತ್ತದೆ. ಹಾಗಾಗಿ ಸುಮಾರು 83 ಸೆಂಟಿಮೀಟರ್ ಅಲಗಿದ್ದರೂ ಇಡೀ ಕತ್ತಿ ಹೆಚ್ಚುಕಮ್ಮಿ ಒಂದು ಕೆಜಿ ಅಷ್ಟೆ. ತಿವಿಯಲು ಇದು ಅಷ್ಟು ಒಳ್ಳೆಯದಲ್ಲ. ಬೆರಳು ಕಾಯಲು ಇದ್ದದ್ದೂ ಒಂದೇ ಒಂದು ಕಬ್ಬಿಣದ ಪಟ್ಟಿ. 1821ರ ಮಾದರಿಯಲ್ಲಿ ಅದು ಮೂರಾಯಿತು.

ಇಲ್ಲಿ ನನಗೆ ಇಷ್ಟವಾದ ಒಂದು ಪ್ರಸಂಗವಿದೆ. ಹೈದರಾಬಾದ್ ನಿಜಾಮನ ಸವಾರರ ಒಂದು ಕಾಳಗದ ನಂತರ ಸತ್ತವರ, ಗಾಯಾಳುಗಳ ವರದಿ ನೋಡಿ ಕ್ಯಾಪ್ಟನ್ ನೋಲನ್ ಎಂಬ ಬ್ರಿಟಿಷ್ ಅಧಿಕಾರಿ ಬೆರಗಾದ. ಒಂದೇ ಏಟಿಗೆ ತಲೆ, ಕೈಗಳು ಹಾರಿದ್ದವು. ಎಂಥ ಕತ್ತಿ ಎಂದು ವಿಚಾರಿಸಿದರೆ ಬ್ರಿಟಿಷ್ ಸೇನೆಯೇ ಬೇಡವೆಂದು ಬಿಸಾಡಿದ ಹಳೆಯ ಅಲಗುಗಳು! ಸವಾರರು ಅವಕ್ಕೆ ಸಾಣೆ ಹಿಡಿಸಿ ಮರದ ಒರೆಯಲ್ಲಿಟ್ಟಿದ್ದರು. ಕಾಳಗಕ್ಕಲ್ಲದೆ ಹೊರಗೆ ತೆಗೆಯುತ್ತಿರಲಿಲ್ಲ. ಬ್ರಿಟಿಷರ ಒರೆ ಉಕ್ಕಿನದು. ಗಟ್ಟಿಮುಟ್ಟು, ನಿಜ. ಆದರೆ ಪ್ರತಿ ಕವಾಯತಿಗೂ ಎಳೆದು ಸೇರಿಸಿ ಅಲಗಿನ ಬಾಯಿ ಮೊಂಡಾಗುತ್ತಿತ್ತು. ಏಟು ಹಾಕುವುದನ್ನು ಹೇಗೆ ಕಲಿಸುತ್ತೀರಿ ಎಂದು ನೋಲನ್ ಕೇಳಿದ್ದಕ್ಕೆ, ಕಲಿಸುವುದೇನಿದೆ, ಹರಿತವಾಗಿದ್ದರೆ ಯಾರ ಕೈಯಲ್ಲಾದರೂ ಕಡಿಯುತ್ತದೆ ಎಂದನಂತೆ ಒಬ್ಬ ಹಳೆಯ ಸವಾರ.

ಅಲಗು ಬದಲಿಸುವುದು ಅಂಥ ಕಷ್ಟವಲ್ಲ. ತಲವಾರದ ಹಿಡಿಯೊಳಗೆ ಅಲಗಿನ ಗಿಡ್ಡ ಬಾಲ ಅರಗಿನಲ್ಲಿ ಕೂತಿರುತ್ತದೆ. ಕಾಯಿಸಿದರೆ ಬಿಟ್ಟುಕೊಳ್ಳುತ್ತದೆ. ಇಂಗ್ಲಿಷ್ ಸೇಬರಿನ ಬಾಲ ಹಿಡಿಯನ್ನು ಪೂರ್ತಿ ಹಾಯ್ದು ತಲೆಯಲ್ಲಿ ಬಡಿದು ಕೂರಿಸಿದ್ದು. ಅದನ್ನು ಕತ್ತರಿಸಿಯೇ ಇಲ್ಲಿ ಸೇರಿಸಬೇಕಿತ್ತು. ತಲವಾರದ ಹಿಡಿ ಇಕ್ಕಟ್ಟು, ಹಿಂದಿನವರ ಕೈ ಚಿಕ್ಕದಿತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಡಿದು ನೋಡಿ, ಬಿಲ್ಲೆ ಮಣಿಕಟ್ಟಿಗೆ ತಾಗಿ ಅದು ಸುಮ್ನೆ ಅತ್ತಿತ್ತ ಬಾಗದಂತೆ ತಡೆಯುತ್ತದೆ. ಆಗ ಇಡೀ ತೋಳೇ ಬೀಸಬೇಕಾಗುತ್ತದೆ. ಬಾಗಿದ ಅಲಗಿಗೆ ಬೇಕಾದದ್ದೂ ಅದೇ.

ಕತ್ತಿ ತಂದವರಿಗೆ ಇದೆಲ್ಲ ಹೇಳಿದೆ. ಮುಖ ಸ್ವಲ್ಪ ಸಪ್ಪಗಾಯಿತು. "ಹಾಗಾದರೆ ಹುಣಸೆಹಣ್ಣು ಬೇಡವಾ?" ಎಂದರು. ಬೇಡ. ಹುಳಿ ತಿಕ್ಕಿದಷ್ಟೂ ತಯಾರಕರ ಗುರುತು ಅಳಿಯುತ್ತದೆ. ಪೂಜೆಯಾದ ಕೂಡಲೇ ಕುಂಕುಮ, ನಿಂಬೆರಸ ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ. ಮತ್ತೆ, ಒರೆಯಲ್ಲಿ ಇಡಬೇಡಿ. ಆ ಸವಾರರಿಗೆ ಹರಿತ ಕಾಪಾಡಿಕೊಟ್ಟ ಮರದ ಒರೆ, ನಮ್ಮ ಮಳೆಗಾಲದಲ್ಲಿ ನೀರಿನ ಪಸೆ ಹೀರಿಕೊಂಡು ಅಲಗನ್ನೇ ತಿನ್ನುತ್ತದೆ. ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ.