ಎಕ್ಟೋಪಿಕ್: ಟೈಮಿಂಗ್ ತಪ್ಪಿದ ಬಡಿತ

ಮೊನ್ನೆ ಕಾಪುವಿನ ಬಸ್‌ಸ್ಟಾಪಿನಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. ಕೈಯಲ್ಲಿ ಇಸಿಜಿ ಕಾಗದ. ‘ಹಾರ್ಟ್ ನಡುನಡುವೆ ಬೀಟ್ ಮಿಸ್ ಮಾಡ್ತದಂತೆ ಮಾರಾಯ್ರೆ. ಎಕ್ಟೋಪಿಕ್ ಅಂತ ಬರ್ದಿದ್ದಾರೆ. ಸಣ್ಣ ಅಟ್ಯಾಕೇ ಅಲ್ವಾ ಅದು?’

ಅಟ್ಯಾಕ್ ಅಲ್ಲ. ಅದು ರಕ್ತನಾಳ ಕಟ್ಟಿಕೊಳ್ಳುವ ಕತೆ, ಇದು ಹೃದಯವನ್ನು ಬಡಿಸುವ ಕರೆಂಟಿನ ಕತೆ. ನನಗೆ ಕಿರಿಕಿರಿ ಆಗುವುದು ಆ ‘ಮಿಸ್’ ಕೇಳಿದಾಗ. ಈ ತಿಂಗಳಲ್ಲಿ ಮೂರನೇ ಸಲ.

ಗ್ರೀಕಿನಲ್ಲಿ ‘ಎಕ್’ ಎಂದರೆ ಹೊರಗೆ, ‘ಟೋಪೋಸ್’ ಎಂದರೆ ಜಾಗ. ಇರಬೇಕಾದ ಜಾಗ ಬಿಟ್ಟದ್ದು ಎಕ್ಟೋಪಿಕ್. ಗರ್ಭಕೋಶದ ಹೊರಗೆ ಬಸಿರು ನಿಂತರೂ ಇದೇ ಪದ. ರಿಪೋರ್ಟ್ ಹಿಡಿದು ಗೂಗಲ್ ಮಾಡಿದ ಗಂಡಸರು ತಬ್ಬಿಬ್ಬಾಗುವುದು ಇದಕ್ಕೇ! ಹೃದಯಕ್ಕೆ ಬಡಿ ಎನ್ನುವ ಸೈನಸ್ ನೋಡ್ ಬಲಗಡೆಯ ಮೇಲಿನ ಕೋಣೆಯಲ್ಲಿದೆ. ಬೇರೆಲ್ಲೋ ಇರುವ ನಾಲ್ಕು ಜೀವಕೋಶಗಳು ಸರದಿಗೆ ಮುಂಚೆಯೇ ಅಪ್ಪಣೆ ಕೊಟ್ಟರೆ ಅದು ಎಕ್ಟೋಪಿಕ್. ಪದದೊಳಗೆ ‘ತಪ್ಪಿಹೋಯಿತು’ ಎಲ್ಲಿದೆ? ಬಡಿತ ಬಂದಿದೆ, ಬೇಗ ಬಂದಿದೆ.

ಹಾಗಾದರೆ ಎದೆ ಖಾಲಿಯಾದ ಹಾಗೆ ಆಗುವುದು ಯಾಕೆ? ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ನೆನಪಿಸಿಕೊಳ್ಳಿ. ಒಂದು ಬಸ್ಸು ಟೈಮಿಂಗ್ ಬಿಟ್ಟು ಮುಂದಿನದರ ಬೆನ್ನಿಗೇ ನುಗ್ಗುತ್ತದೆ. ಸ್ಟಾಪಿನಲ್ಲಿ ಇನ್ನೂ ಜನ ಸೇರಿಲ್ಲ, ಇಬ್ಬರನ್ನು ಹತ್ತಿಸಿಕೊಂಡು ಹೋಗುತ್ತದೆ. ಅದು ಬರಬೇಕಿದ್ದ ಹೊತ್ತಿಗೆ ಬಸ್ಸೇ ಇಲ್ಲ. ಆಮೇಲೆ ಬಂದದ್ದಕ್ಕೆ ಫುಟ್‌ಬೋರ್ಡಿನಲ್ಲೂ ಜನ. ಇಲ್ಲೂ ಹಾಗೇ. ಬೇಗ ಬಂದ ಬಡಿತಕ್ಕೆ ರಕ್ತ ತುಂಬಿರುವುದಿಲ್ಲ. ಎಷ್ಟೋ ಸಲ ಅದು ಮಣಿಕಟ್ಟಿನ ನಾಡಿಗೆ ಸಿಗುವುದೂ ಇಲ್ಲ. ನಂತರದ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿ, ಮುಂದಿನ ಬಡಿತ ಧಡ್ ಎಂದು ಗುದ್ದುತ್ತದೆ. ನಮ್ಮನ್ನು ಹೆದರಿಸುವ ಆ ಗುದ್ದೇ ಸರಿಯಾದ ಬಡಿತ. ಒಂದು ಬಿಟ್ಟು ಒಂದು ಹೀಗಾದರೆ ಹೃದಯ 80 ಸಲ ಬಡಿದರೂ ನಾಡಿ 40 ಎಂದು ತೋರಿಸುವುದುಂಟು. ಆಗ ಪೇಸ್‌ಮೇಕರ್ ಬೇಕೇನೋ ಎಂದು ಮನೆಯವರೆಲ್ಲ ಕಂಗಾಲು.

ಬಡಿತಗಳನ್ನೆಲ್ಲ ದಾಖಲಿಸುವ ಹೋಲ್ಟರ್ ಎಂಬ ಸಣ್ಣ ಯಂತ್ರವನ್ನು 24 ಗಂಟೆ ಕಟ್ಟಿದರೆ ಗಟ್ಟಿಮುಟ್ಟಾಗಿರುವವರಲ್ಲೂ ಕೆಲವು ಎಕ್ಟೋಪಿಕ್ ಸಿಗುತ್ತವೆ. ಬೆಳಗಿನವರೆಗೆ ಆಟ ನೋಡಿ ನಿದ್ದೆಗೆಟ್ಟರೆ, ಟೆನ್ಶನ್ ಆದರೆ, ಕುಡಿದರೆ, ಭೇದಿಯಾಗಿ ಪೊಟ್ಯಾಶಿಯಂ ಇಳಿದರೆ ಜಾಸ್ತಿಯಾಗಬಹುದು. ಥೈರಾಯ್ಡನ್ನೂ ನೋಡಿಸಬೇಕು. ಕಾಫಿಯ ಮೇಲೆ ಎಲ್ಲರಿಗೂ ಗುಮಾನಿ. 2023ರಲ್ಲಿ ಪ್ರಕಟವಾದ, 100 ಜನರ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಕಾಫಿ ಕುಡಿದ ದಿನ ಮೇಲಿನ ಕೋಣೆಯ ಎಕ್ಟೋಪಿಕ್ ಹೇಳಿಕೊಳ್ಳುವಷ್ಟು ಏರಲಿಲ್ಲ. ಕೆಳಗಿನ ಕೋಣೆಯವು ದಿನಕ್ಕೆ 102 ಇದ್ದದ್ದು 154 ಆದವು. ಹಾಗಾಗಿ ಲೋಟ ಕೆಳಗಿಡಬೇಕೋ ಬೇಡವೋ ಎನ್ನುವುದು ನಿಮ್ಮ ಎಕ್ಟೋಪಿಕ್ ಯಾವ ಕೋಣೆಯದು ಎಂಬುದರ ಮೇಲೂ ಇದೆ.

ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆನೋವು, ಏದುಸಿರು ಇದ್ದರೆ, ಓಡುವಾಗಲೇ ಜಾಸ್ತಿಯಾದರೆ, ಮನೆಯಲ್ಲಿ ಯಾರಾದರೂ ಎಳೆ ಪ್ರಾಯದಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ತಡಮಾಡದೆ ಹೃದಯದ ಡಾಕ್ಟರನ್ನು ನೋಡಿ. ದಿನದ ಬಡಿತಗಳಲ್ಲಿ ಕೆಳಕೋಣೆಯ ಎಕ್ಟೋಪಿಕ್ 100ಕ್ಕೆ 10–15ರ ಮೇಲೆ ಹೋದರೆ ಕಾಲಾಂತರದಲ್ಲಿ ಹೃದಯ ಸೊರಗಬಹುದು. ಅದಕ್ಕೆ ಬಡಿತವನ್ನು ಹತೋಟಿಗೆ ತರುವ ಬೀಟಾ ಬ್ಲಾಕರ್ ಮಾತ್ರೆ, ತಪ್ಪು ಅಪ್ಪಣೆ ಕೊಡುವ ಜಾಗವನ್ನೇ ಸುಟ್ಟುಬಿಡುವ ಅಬ್ಲೇಶನ್ ಇವೆ. ಕಾಪುವಿನವರ ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್ ಬಂದಿದೆ. ‘ಮಿಸ್’ ಮಾತ್ರ ಇನ್ನೂ ಬಿಟ್ಟಿಲ್ಲ.