ಬುಧವಾರ ರಾತ್ರಿ ಎಂಟು ಗಂಟೆ

ನಮ್ಮಪ್ಪನ ಟ್ರಂಕಿನಲ್ಲಿ ಹಳೆಯ ನೋಟ್‌ಬುಕ್ಕುಗಳ ಒಂದು ಕಟ್ಟು ಇದೆ. ಪ್ರತಿ ಪುಟದ ಮೇಲೆ ಒಂದು ಬುಧವಾರದ ತಾರೀಖು. ಕೆಳಗೆ ಹಿಂದಿ ಹಾಡುಗಳ ಮೊದಲ ಸಾಲು, ಕನ್ನಡ ಅಕ್ಷರದಲ್ಲಿ. ಪಕ್ಕದಲ್ಲಿ ಅಂಕಿ. ಯಾವ ಹಾಡು ಈ ವಾರ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಎಂಬ ಲೆಕ್ಕ. ಕಲಬುರಗಿಯ ಬ್ರಹ್ಮಪುರದ ಮನೆಯಲ್ಲಿ ರೇಡಿಯೊ ಮುಂದೆ ಕೂತು ಬರೆದದ್ದು. ಅದು ಬಿನಾಕಾ ಗೀತಮಾಲಾ ಎಂಬ ಹಿಂದಿ ಸಿನಿಮಾ ಹಾಡುಗಳ ರೇಡಿಯೊ ಕಾರ್ಯಕ್ರಮದ ಲೆಕ್ಕ.

1952ರ ಡಿಸೆಂಬರ್ 3ರಂದು ಶುರುವಾದ ಆ ಕಾರ್ಯಕ್ರಮ 1994ರವರೆಗೆ ನಡೆಯಿತು. ಕೊನೆಯ ಪ್ರಸಾರ ಕೇಳಿದ್ದಿರಾ ಎಂದು ಅಪ್ಪನ ಓರಗೆಯವರನ್ನು ಕೇಳಿದೆ. ಒಬ್ಬರಿಗೂ ನೆನಪಿಲ್ಲ. ಮೊದಲ ಸಲ ಎಲ್ಲಿ ಕೇಳಿದ್ದು ಎಂದರೆ ಮಾತ್ರ ಎಲ್ಲರೂ ಹೇಳುತ್ತಾರೆ. ಯಾರ ಮನೆಯ ಕಟ್ಟೆ, ಯಾವ ಚಹಾದ ಹೋಟೆಲ್, ಪಕ್ಕದಲ್ಲಿ ಯಾರಿದ್ದರು, ಎಲ್ಲ. ಅಷ್ಟು ಪ್ರೀತಿಯ ಕಾರ್ಯಕ್ರಮ ಯಾರಿಗೂ ಗೊತ್ತಾಗದ ಹಾಗೆ ಹೇಗೆ ಮುಗಿಯಿತು?

ಶುರುವಾದ ಕಾರಣವೇ ವಿಚಿತ್ರವಾಗಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ಬಹಳ ಅಭಿಮಾನ. ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆ ಎಂದು ನಂಬಿದ್ದರು. ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಸಮಯ ಕಡಿಮೆಯಾಯಿತು. ಸಿನಿಮಾದ ಹೆಸರು ಹೇಳಿದರೆ ಜಾಹೀರಾತು ಆಗುತ್ತದೆ ಎಂದು ಅದನ್ನೂ ಬಿಟ್ಟರು. ನಿರ್ಮಾಪಕರು ಸಿಟ್ಟಾಗಿ, ಹಾಡು ಹಾಕಲು ಕೊಟ್ಟಿದ್ದ ಅನುಮತಿಯನ್ನೇ ವಾಪಸ್ ಪಡೆದರು. ದೇಶದ ರೇಡಿಯೊದಲ್ಲಿ ಜನ ಗುನುಗುವ ಹಾಡುಗಳೇ ಇಲ್ಲದಂತಾಯಿತು.

ಕೊಲಂಬೊದಲ್ಲಿ ಆಗ ಒಂದು ದೊಡ್ಡ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಇತ್ತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮಿತ್ರಪಡೆಗಳು ಸೈನಿಕರಿಗಾಗಿ ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಅದು ಶ್ರೀಲಂಕಾದ ರೇಡಿಯೊ ಕೇಂದ್ರವಾದ ರೇಡಿಯೊ ಸಿಲೋನ್ ಪಾಲಿಗೆ ಬಂತು. ಅವರು ಜಾಹೀರಾತು ತೆಗೆದುಕೊಳ್ಳುತ್ತಿದ್ದರು. ಹಿಂದಿ ಹಾಡು ಹಾಕಲು ಅವರಿಗೆ ಅಡ್ಡಿ ಇರಲಿಲ್ಲ. ಬಿನಾಕಾ ಎಂಬ ಟೂತ್‌ಪೇಸ್ಟ್ ಮಾಡುವ ಕಂಪನಿ ದುಡ್ಡು ಕೊಟ್ಟಿತು. ಅಮೀನ್ ಸಯಾನಿ ಎಂಬ, ಇನ್ನೂ ಇಪ್ಪತ್ತು ತುಂಬದ ಹುಡುಗನ ಕೈಗೆ ಮೈಕ್ ಬಂತು.

ಮೊದಲು ಅದು ಅರ್ಧ ಗಂಟೆಯ ಸ್ಪರ್ಧೆ. ಏಳು ಹಾಡು ಹಾಕುತ್ತಿದ್ದರು. ಅವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಬರೆದು ಕಳಿಸಬೇಕಿತ್ತು. ಬಹುಮಾನ ನೂರು ರೂಪಾಯಿ. ನಾಲ್ಕೈದು ಡಜನ್ ಕಾಗದ ಬಂದಾವು ಎಂದುಕೊಂಡಿದ್ದರು. ಮೊದಲ ಕಾರ್ಯಕ್ರಮಕ್ಕೇ 9,000 ಬಂದವು. ಆಮೇಲೆ ವಾರಕ್ಕೆ 65,000 ಆಯಿತು. ಅಷ್ಟನ್ನು ಯಾರು ಓದಬೇಕು? ಸ್ಪರ್ಧೆ ಬಿಟ್ಟು, ಜನಪ್ರಿಯ ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುವ ಒಂದು ಗಂಟೆಯ ಕಾರ್ಯಕ್ರಮ ಮಾಡಿದರು. ಒಂದೊಂದು ಸ್ಥಾನಕ್ಕೂ ಸಯಾನಿ ‘ಪಾಯ್‌ದಾನ್’ ಎನ್ನುತ್ತಿದ್ದರು, ಅಂದರೆ ಮೆಟ್ಟಿಲು.

ಮೊದಲು ಅಂಗಡಿಗಳಲ್ಲಿ ರೆಕಾರ್ಡ್ ಎಷ್ಟು ಖರ್ಚಾದವು ಎಂದು ನೋಡಿ ಸ್ಥಾನ ಕೊಡುತ್ತಿದ್ದರು. ಆದರೆ ತುಂಬಾ ಬೇಡಿಕೆ ಇರುವ ರೆಕಾರ್ಡ್ ಅಂಗಡಿಯಲ್ಲಿ ಬೇಗ ಮುಗಿದುಹೋದರೆ, ಆ ವಾರ ಅದರ ಮಾರಾಟ ಕಡಿಮೆ ಕಾಣುತ್ತದೆ ಅಲ್ವಾ? ಅದಕ್ಕೇ ಊರೂರಿನ ಕೇಳುಗರ ಸಂಘಗಳ ಅಭಿಪ್ರಾಯವನ್ನೂ ಸೇರಿಸಿದರು. ಹಾಗಾಗಿ ನಮ್ಮಂಥ ದೂರದ ಊರಿನವರೂ ಆ ಪಟ್ಟಿ ತಮ್ಮದು ಅಂದುಕೊಂಡರು.

ಕಲಬುರಗಿಗೆ ಇದು ಇಷ್ಟು ಹತ್ತಿರವಾಗಲು ಬೇರೆ ಕಾರಣವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ನಮಗೆ ರೇಡಿಯೊ ಎಂದರೆ ಹೈದರಾಬಾದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಧಾರವಾಡ, ಬೆಂಗಳೂರಿನ ಕೇಂದ್ರಗಳು ದೂರ. ಮೀಡಿಯಂವೇವ್ ಹಗಲಿನಲ್ಲಿ ಅಷ್ಟು ದೂರ ಚೆನ್ನಾಗಿ ಮುಟ್ಟುವುದಿಲ್ಲ. ಶಾರ್ಟ್‌ವೇವ್ ಆಕಾಶದ ಪದರಕ್ಕೆ ತಾಗಿ ಕೆಳಗೆ ಬರುತ್ತದೆ, ಸಾವಿರಾರು ಕಿಲೋಮೀಟರ್ ದಾಟುತ್ತದೆ. ನಮ್ಮದೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ಕೊಲಂಬೊ ನಮಗೆ ಹತ್ತಿರದ ಊರಾಗಿತ್ತು. ಭಾಷೆಯೂ ಅಡ್ಡಬರಲಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಮಾತಾಡುವ ಊರು ಇದು. ಸಯಾನಿ ‘ಬೆಹನೋ ಔರ್ ಭಾಯಿಯೋ’ ಎಂದರೆ ಯಾರೂ ಅರ್ಥ ಕೇಳುತ್ತಿರಲಿಲ್ಲ. ಅಕ್ಕತಂಗಿಯರನ್ನು ಮೊದಲು ಕರೆಯುತ್ತಾರಲ್ಲ ಎಂದು ನಮ್ಮ ಅಜ್ಜಿಗೆ ಅವರ ಮೇಲೆ ವಿಶೇಷ ಪ್ರೀತಿ.

ಅಪ್ಪನಿಗೆ ಬಹಳ ವರ್ಷ ತಿಳಿಯದ ಸಂಗತಿ ಒಂದಿತ್ತು. ಅದು ನೇರ ಪ್ರಸಾರ ಆಗಿರಲಿಲ್ಲ. ಸಯಾನಿ ಮುಂಬೈಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗುತ್ತಿತ್ತು. ಆದರೂ ಜೀವಂತ ಅನಿಸುತ್ತಿತ್ತು. ಏಕೆಂದರೆ ಎಲ್ಲರೂ ಒಂದೇ ಹೊತ್ತಿಗೆ ಕೇಳುತ್ತಿದ್ದರು. ಮಾರನೆಯ ದಿನ ಕಾಲೇಜಿನಲ್ಲಿ ಅದೇ ಮಾತು. ಆ ಒಂದು ಗಂಟೆ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಆ ಗಂಟೆಯೇ ಮೆಲ್ಲಗೆ ಸಡಿಲವಾಯಿತು. 1957ರಲ್ಲಿ ಆಕಾಶವಾಣಿಯದೇ ಹಾಡುಗಳ ವಾಹಿನಿ ವಿವಿಧ ಭಾರತಿ ಬಂತು, 1967ರಿಂದ ಅದರಲ್ಲಿ ಜಾಹೀರಾತೂ ಬಂತು. ಕೊಲಂಬೊಗೆ ಹೋಗುತ್ತಿದ್ದ ದುಡ್ಡು ದೇಶದಲ್ಲೇ ಉಳಿಯಿತು. ಕ್ಯಾಸೆಟ್ ಬಂದ ಮೇಲೆ ಬೇಕಾದ ಹಾಡನ್ನು ಬೇಕಾದಾಗ ಕೇಳಬಹುದಾಯಿತು. ಟಿವಿ ನಮ್ಮ ಭಾಗಕ್ಕೆ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆದಾಗ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. 1977ರಲ್ಲಿ ಊರಲ್ಲೇ ದೂರದರ್ಶನ ಕೇಂದ್ರವಾಯಿತು. ಆದರೆ ಮನೆ ಮನೆಗೆ ಟಿವಿ ಬರಲು ಇನ್ನೂ ಹಲವು ವರ್ಷ ಹಿಡಿಯಿತು.

ಅಷ್ಟರಲ್ಲಿ ಬಿನಾಕಾ ಹೆಸರು ಸಿಬಾಕಾ ಆಗಿತ್ತು. 1988ರವರೆಗೆ ಕೊಲಂಬೊದಿಂದ ಬಂತು. 1989ರಲ್ಲಿ ವಿವಿಧ ಭಾರತಿಗೆ ಸೇರಿತು. ಒಂದು ಕಾಲದಲ್ಲಿ ಇಂಥ ಹಾಡು ಬೇಡ ಎಂದಿದ್ದ ಮನೆಗೇ ಅದು ತಿರುಗಿ ಬಂತು, ಆದರೆ ಕೇಳುವವರು ಚದುರಿದ್ದರು. 1994ರಲ್ಲಿ ನಿಂತಿತು. ಆಮೇಲೂ ಸ್ವಲ್ಪ ಕಾಲ ಮತ್ತೆ ನಡೆಸಿದರು, ಹಿಂದಿನ ಹಾಗೆ ಜನ ಸೇರಲಿಲ್ಲ. ಸಯಾನಿ 2024ರ ಫೆಬ್ರವರಿ 20ರಂದು ತೀರಿಕೊಂಡರು. ಅವರಿಗೆ 91 ವರ್ಷ.

ನನಗೀಗ ಅನಿಸುವುದು, ಗೀತಮಾಲಾಕ್ಕೆ ಕೊನೆಯ ಪ್ರಸಾರ ಎಂಬ ಒಂದು ದಿನ ಇರಲೇ ಇಲ್ಲ. ಒಂದೊಂದು ಮನೆಯಲ್ಲಿ ಅದು ಒಂದೊಂದು ದಿನ ಮುಗಿಯಿತು. ಅಪ್ಪನ ಕೊನೆಯ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಳೆ ಖಾಲಿ ಇವೆ. ಕೊನೆಯ ತಾರೀಖು 1986ರ ಆಗಸ್ಟ್ 13. ಆ ವಾರ ನಮ್ಮ ಮನೆಗೆ ಕಪ್ಪು-ಬಿಳುಪು ಟಿವಿ ಬಂತು. ದೂರದರ್ಶನದಲ್ಲಿ ಸಿನಿಮಾ ಹಾಡು ತೋರಿಸುವ ಚಿತ್ರಹಾರ್ ಬರುತ್ತಿದ್ದದ್ದೂ ಬುಧವಾರ ರಾತ್ರಿಯೇ.